ಹಳೇ ಸ್ನೇರ್ ಡ್ರಮ್‌ಗೆ ಬೇರೆ ಬಿಡಿಭಾಗ: ಯಾವುದು ಕೂರುತ್ತದೆ, ಯಾವುದು ಕೂರುವುದಿಲ್ಲ

ಪ್ರಶ್ನೆ: ಮಂಗಳೂರಿನ ನಮ್ಮ ಚರ್ಚ್ ಗಾಯನವೃಂದದ ಹಳೇ ಸಾಮಾನುಗಳ ನಡುವೆ 14 ಇಂಚು ಅಗಲ, 5 ಇಂಚು ಎತ್ತರದ ಲುಡ್‌ವಿಗ್ ಸ್ನೇರ್ ಡ್ರಮ್ (ಕೆಳಗಿನ ಹೆಡ್ ಎಂಬ ತೆಳು ಹೊದಿಕೆಗೆ ತಂತಿಯ ವೈರುಗಳು ಅಪ್ಪಿರುವ ಡ್ರಮ್) ಸಿಕ್ಕಿದೆ. ಕ್ರೋಮ್ ಶೆಲ್ (ಡ್ರಮ್ಮಿನ ಲೋಹದ ಮೈ), ಹತ್ತು ಲಗ್‌ನದು (ರಾಡ್ ತಿರುಗಿಸಿ ಕೂರಿಸುವ ಲೋಹದ ತುಂಡು), ಮೇಲೆ ಹಿತ್ತಾಳೆಯ ಕೀಸ್ಟೋನ್ ಬ್ಯಾಡ್ಜ್. ಆಯಸ್ಕಾಂತ ಶೆಲ್‌ಗೆ ಅಂಟುವುದಿಲ್ಲ. ಥ್ರೋ-ಆಫ್ (ವೈರನ್ನು ಬಿಗಿ ಮಾಡುವ, ಸಡಿಲ ಬಿಡುವ ಲಿವರ್) ಕಳೆದುಹೋಗಿದೆ, ಎರಡು ಲಗ್ ಇಲ್ಲ. ಟೆನ್ಷನ್ ರಾಡ್ (ಹೆಡ್ ಬಿಗಿಯುವ ಉದ್ದ ಸ್ಕ್ರೂ) 13 ಉಳಿದಿವೆ, ಅವೂ ಮೂರು ಜಾತಿಯವು. ಕೆಳಗಿನ ಹೂಪ್ (ಹೆಡ್ ಒತ್ತಿಹಿಡಿಯುವ ಬಳೆ) 8 ತೂತಿನದು, ಎರಡೇ ರಾಡಿನಲ್ಲಿ ನೇತಾಡುತ್ತಿದೆ. ಶೆಲ್ ಮೇಲೆ ಬಿಳಿ ಪುಡಿ ಬಿಡುವ ಗುಳ್ಳೆಗಳಿವೆ. ಎಲ್ಲವನ್ನೂ ಒರಿಜಿನಲ್ ತರಿಸುವಷ್ಟು ಹಣವಿಲ್ಲ. ಸಿಗುವ ಬಿಡಿಭಾಗಗಳಲ್ಲೇ ಇದನ್ನು ನುಡಿಸುವ ಸ್ಥಿತಿಗೆ ತರಬಹುದೇ? ಶೆಲ್‌ಗೆ ಮತ್ತೆ ಕ್ರೋಮ್ ಹಾಕಿಸಬೇಕೇ?

ಉತ್ತರ: ತರಬಹುದು. ಕ್ರೋಮ್ ಹಾಕಿಸಬೇಡಿ.

ನಿಮ್ಮ ವಿವರಣೆಗೆ ಹೊಂದುವುದು ಲುಡ್‌ವಿಗ್ ಸುಪ್ರಾಫೋನಿಕ್, ಮಾಡೆಲ್ ಎಲ್‌ಎಂ 400. ಇದೇ ಶೆಲ್‌ನ ಆರೂವರೆ ಇಂಚಿನ ಅಣ್ಣ ಎಲ್‌ಎಂ 402. ಲೆಡ್ ಜೆಪ್ಲಿನ್‌ನ ಜಾನ್ ಬೊನಮ್ ನುಡಿಸಿದ್ದು ಅದನ್ನು. 1960ರ ದಶಕದ ಮೊದಲ ವರ್ಷಗಳಲ್ಲಿ ಈ ಡ್ರಮ್ಮಿಗೆ ಹಿತ್ತಾಳೆಯ ಶೆಲ್ ಇತ್ತು. 1963ರ ಸುಮಾರಿಗೆ ಕಂಪನಿ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬದಲಾಯಿಸಿ ಅದಕ್ಕೆ ಲುಡಲಾಯ್ ಎಂದು ಹೆಸರಿಟ್ಟಿತು. ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ. ನಿಮ್ಮದು ಯಾವುದು ಎಂಬುದನ್ನು ಆ ಗುಳ್ಳೆಗಳೇ ಹೇಳುತ್ತಿವೆ: ಬಿಳಿ ಪುಡಿ ಬಿಡುವುದು ಅಲ್ಯೂಮಿನಿಯಂ, ಹಿತ್ತಾಳೆಯಾಗಿದ್ದರೆ ಹಸಿರು ಕಿಲುಬು ಕಾಣುತ್ತಿತ್ತು. ಕೀಸ್ಟೋನ್ ಬ್ಯಾಡ್ಜ್ 1969ರ ಸುಮಾರಿಗೆ ನಿಂತು ನೀಲಿ-ಆಲಿವ್ ಬಣ್ಣದ ಬ್ಯಾಡ್ಜ್ ಬಂತು. ಹಾಗಾಗಿ ನಿಮ್ಮ ಡ್ರಮ್ 1963ರಿಂದ 1969ರ ಒಳಗಿನದು, ಷಿಕಾಗೋದಲ್ಲಿ ತಯಾರಾದದ್ದು. ಸೀರಿಯಲ್ ನಂಬರಿನಿಂದ ಇಂಥದ್ದೇ ವರ್ಷ ಎಂದು ಹೇಳಲಾಗದು. ಬ್ಯಾಡ್ಜ್‌ಗಳನ್ನು ಕ್ರಮವಾಗಿ ಅಂಟಿಸುತ್ತಿರಲಿಲ್ಲ.

ಇಂಥ ಡ್ರಮ್ಮಿನ ಕೆಲಸದಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ: ಶೆಲ್‌ಗೆ ಹೊಸ ತೂತು ಹೊಡೆಯಬೇಡಿ, ಇರುವ ತೂತನ್ನು ಅಗಲ ಮಾಡಬೇಡಿ. ಸ್ಕ್ರೂ ಹಾಕಿ ಕೂರಿಸಿದ ಯಾವ ಭಾಗವನ್ನಾದರೂ ನಾಳೆ ಬಿಚ್ಚಿ ಒರಿಜಿನಲ್ ಕೂರಿಸಬಹುದು. ತೂತನ್ನು ಮಾತ್ರ ವಾಪಸ್ ಪಡೆಯಲಾಗದು. ಬೇರೆ ಕಂಪನಿಯ ಥ್ರೋ-ಆಫ್ ಹಾಕಿದ್ದಕ್ಕೆ ಯಾವ ಡ್ರಮ್ಮೂ ಕೆಟ್ಟಿಲ್ಲ. ಅದನ್ನು ಕೂರಿಸಲು ಡ್ರಿಲ್ ಹಿಡಿದವರಿಂದ ಕೆಟ್ಟ ಡ್ರಮ್ಮುಗಳು ಬೇಕಾದಷ್ಟಿವೆ. ಭಾಗ ಹೊಂದದಿದ್ದರೆ ಭಾಗವನ್ನೇ ತಿದ್ದಿ, ಇಲ್ಲವೇ ಬೇರೆ ಭಾಗ ಹುಡುಕಿ.

ಬಿಚ್ಚುವ ಮೊದಲು

ಸುತ್ತಲಿಂದ ಫೋಟೊ ತೆಗೆಯಿರಿ, ಒಳಗಿನದನ್ನೂ ಬಿಡಬೇಡಿ. ಶೆಲ್ ಒಳಗೆ ಪ್ರತಿ ಲಗ್ ಬಳಿ ಮಾಸ್ಕಿಂಗ್ ಟೇಪ್ ಅಂಟಿಸಿ 1ರಿಂದ 10ರವರೆಗೆ ಗುರುತು ಹಾಕಿ. ಬ್ಯಾಡ್ಜ್ ಪಕ್ಕದಿಂದ ಪ್ರಾರಂಭಿಸಿದರೆ ಗೊಂದಲವಿರದು. ಪ್ರತಿ ಲಗ್ಗಿನ ಸ್ಕ್ರೂ, ವಾಷರ್‌ಗಳನ್ನು ಆಯಾ ನಂಬರಿನ ಜಿಪ್ ಕವರಿಗೆ ಹಾಕಿ. ಬ್ಯಾಡ್ಜ್ ಮುಟ್ಟಬೇಡಿ. ಅದು ಗಾಳಿ ಹೋಗುವ ತೂತಿನ ಗ್ರಾಮೆಟ್ಟಿನಿಂದಲೇ (ತೂತಿನ ಅಂಚಿಗೆ ಒತ್ತಿ ಕೂರಿಸಿದ ಲೋಹದ ಬಳೆ) ಶೆಲ್‌ಗೆ ಕೂತಿರುತ್ತದೆ. ತೆಗೆಯಲು ಹೋದರೆ ಗ್ರಾಮೆಟ್ ಹರಿಯುತ್ತದೆ, ಆಮೇಲೆ ಆ ಡ್ರಮ್ಮನ್ನು ಯಾರೂ ನಂಬುವುದಿಲ್ಲ.

ಇನ್ನೊಂದು ಸಾಧನ ಅನಿವಾರ್ಯ: ಡಿಜಿಟಲ್ ವರ್ನಿಯರ್ ಕ್ಯಾಲಿಪರ್. ಅಗ್ಗದ್ದೇ ಸಾಕು. ಬಿಡಿಭಾಗ ಮಾರುವವರಿಗೆ "ಲುಡ್‌ವಿಗ್‌ಗೆ ಆಗುತ್ತಾ?" ಎಂದು ಕೇಳಿದರೆ ಎಲ್ಲರೂ ಆಗುತ್ತದೆ ಎನ್ನುತ್ತಾರೆ. ತೂತಿನ ನಡುವಿನಿಂದ ನಡುವಿಗೆ ಇಷ್ಟು ಮಿಲಿಮೀಟರ್ ಎಂದು ಅಳತೆ ಕೊಟ್ಟು ಕೇಳಿದರೆ ಮಾತ್ರ ನಿಜ ಉತ್ತರ ಸಿಗುತ್ತದೆ. ನಡುವಿನ ಅಂತರ ಅಳೆಯುವ ಸುಲಭ ದಾರಿ ಹೀಗೆ: ಎರಡು ತೂತುಗಳ ಎಡ ಅಂಚಿನಿಂದ ಎಡ ಅಂಚಿಗೆ ಅಳೆಯಿರಿ. ಎರಡೂ ಒಂದೇ ಗಾತ್ರದ ತೂತಾದರೆ ಅದೇ ನಡು-ನಡುವಿನ ಅಂತರ.

ಶೆಲ್ ಖಾಲಿಯಾದ ಮೇಲೆ ಅದರ ಅಂಚನ್ನು ಪರೀಕ್ಷಿಸಬೇಕು. ಅಡುಗೆಮನೆಯ ಪಾಲಿಶ್ ಮಾಡಿದ ಗ್ರಾನೈಟ್ ಕಟ್ಟೆ ಇದಕ್ಕೆ ಸಾಕಷ್ಟು ಸಮತಟ್ಟು. ಮೇಲಿನ ಅಂಚನ್ನು ಕೆಳಮುಖವಾಗಿ ಇಟ್ಟು, ಶೆಲ್ ಒಳಗೆ ಮೊಬೈಲ್ ಟಾರ್ಚ್ ಹಾಕಿ, ಕೋಣೆಯ ದೀಪ ಆರಿಸಿ ಸುತ್ತಲೂ ನೋಡಿ. ಕೂದಲೆಳೆಯಷ್ಟು ಬೆಳಕು ಒಂದೆರಡು ಕಡೆ ಕಂಡರೆ ಚಿಂತೆಯಿಲ್ಲ. ಉಗುರು ತೂರುವಷ್ಟು ಸಂದಿ ಇದ್ದರೆ ಅಂಚು ಬಗ್ಗಿದೆ. ಮರದ ತುಂಡು ಒತ್ತಿಟ್ಟು ರಬ್ಬರ್ ಸುತ್ತಿಗೆಯಿಂದ ಸ್ವಲ್ಪ ಸ್ವಲ್ಪವೇ ಸರಿಪಡಿಸಿ. ಅರದಿಂದ ಉಜ್ಜಲು ಹೋಗಬೇಡಿ. ಈಗ ಕೆಳಗಿನ ಅಂಚನ್ನು ಇಟ್ಟು ನೋಡಿದರೆ ಎದುರುಬದುರು ಎರಡು ಕಡೆ ಅಗಲವಾದ, ಆಳವಿಲ್ಲದ ತಗ್ಗು ಕಾಣುತ್ತದೆ. ಅದು ದೋಷವಲ್ಲ, ಸ್ನೇರ್ ಬೆಡ್. ವೈರುಗಳು ಹೆಡ್‌ಗೆ ಅಪ್ಪಿ ಕೂರಲಿ ಎಂದು ಕಾರ್ಖಾನೆಯಲ್ಲೇ ಕೊಟ್ಟದ್ದು. "ಡೊಂಕು" ಎಂದುಕೊಂಡು ಅದನ್ನು ತಟ್ಟಿ ನೇರ ಮಾಡಿದರೆ ಡ್ರಮ್ ಮುಗಿಯಿತು.

ತ್ರೆಡ್: ಇಲ್ಲೇ ಹೆಚ್ಚು ಹಾಳಾಗುವುದು

ನಿಮ್ಮ ಬಳಿ ಮೂರು ಜಾತಿಯ ರಾಡ್‌ಗಳಿವೆ ಎಂದರೆ ಯಾರೋ ಸಿಕ್ಕಿದ್ದನ್ನೆಲ್ಲ ತಿರುಗಿಸಿ ನೋಡಿದ್ದಾರೆ. ಲುಡ್‌ವಿಗ್ ರಾಡಿನ ತ್ರೆಡ್, ಅಂದರೆ ಸ್ಕ್ರೂವಿನ ಹಲ್ಲು, 12-24. ವ್ಯಾಸ 5.49 ಮಿಲಿಮೀಟರ್, ಒಂದು ಇಂಚಿಗೆ 24 ಸುತ್ತು, ಅಂದರೆ ಸುತ್ತಿಂದ ಸುತ್ತಿಗೆ 1.06 ಮಿಲಿಮೀಟರ್. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಎಂ5 ಮತ್ತು ಎಂ6. ಎಂ6 ದಪ್ಪ, ಒಳಗೆ ಹೋಗುವುದೇ ಇಲ್ಲ. ಕೆಲವು ಸೋನೋರ್ ಡ್ರಮ್ಮುಗಳ ರಾಡ್ ಈ ಅಳತೆಯದು. ಎಂ5 ಸಲೀಸಾಗಿ ಬಾಯಿಗೆ ಹೋಗಿ ಅಡ್ಡ ಹಿಡಿಯುತ್ತದೆ. ಡಿಡಬ್ಲ್ಯೂ ಕಂಪನಿಯ ಟ್ರೂ-ಪಿಚ್ ರಾಡ್ 10-32, ವ್ಯಾಸ 4.83, ಅದೂ ಆಗುವುದಿಲ್ಲ. ಎಲ್ಲಕ್ಕಿಂತ ಮೋಸದ್ದು ಪ್ರೀಮಿಯರ್ ಕಂಪನಿಯ ಹಳೇ ಇಂಗ್ಲಿಷ್ ರಾಡ್. ಬ್ರಿಟಿಷರ ಕಾಲದಿಂದ ಬಂದ ಬ್ಯಾಂಡ್ ಸಾಮಾನಿನಲ್ಲಿ ಅದು ನಮ್ಮಲ್ಲಿ ಆಗಾಗ ಸಿಗುತ್ತದೆ. ಅದರ ತ್ರೆಡ್ ವಿಟ್‌ವರ್ತ್, ವ್ಯಾಸದಲ್ಲಿ ಹತ್ತಿರ ಹತ್ತಿರ. ಆದರೆ ಹಲ್ಲಿನ ಕೋನ 60ರ ಬದಲು 55 ಡಿಗ್ರಿ. ನಾಲ್ಕಾರು ಸುತ್ತು ಹೋಗಿ ಬಿಗಿಯುತ್ತದೆ. "ತುಕ್ಕು ಹಿಡಿದಿರಬೇಕು" ಎಂದುಕೊಂಡು ಕೀ ಹಾಕಿ ತಿರುಗಿಸಿದರೆ ಲಗ್ಗಿನೊಳಗಿನ ಹಿತ್ತಾಳೆ ನಟ್ಟಿನ ಹಲ್ಲು ಸವೆದುಹೋಗುತ್ತದೆ.

ಪರೀಕ್ಷೆ ಸರಳ. ನಟ್ಟನ್ನು ಲಗ್ಗಿನಿಂದ ಹೊರತೆಗೆದು, ರಾಡನ್ನು ಬೆರಳಿನಲ್ಲೇ ತಿರುಗಿಸಿ. ಎಂಟು ಸುತ್ತು ತಡೆಯಿಲ್ಲದೆ ಹೋಗಬೇಕು, ಹೋದಮೇಲೆ ಅಡ್ಡಡ್ಡ ಅಲುಗಾಡಬಾರದು. ಈ 13 ರಾಡ್‌ಗಳಲ್ಲಿ ಕೆಲವು ಸರಿಹೊಂದಬಹುದು. ಆದರೂ 20 ರಾಡ್‌ಗಳ ಒಂದು ಪೂರ್ತಿ ಹೊಸ ಸೆಟ್ ಕೊಳ್ಳಿ: 12-24 ತ್ರೆಡ್, ತಲೆಯ ಕೆಳಗಿನಿಂದ ತುದಿಗೆ 42 ಮಿಲಿಮೀಟರ್. ಇಡೀ ಕೆಲಸದಲ್ಲಿ ಇದು ಅಗ್ಗದ ಖರ್ಚು, ಫಲ ಮಾತ್ರ ದೊಡ್ಡದು. ಸವೆದ ರಾಡ್ ನುಡಿಸುತ್ತ ನುಡಿಸುತ್ತ ಸಡಿಲಾಗುತ್ತದೆ, ಅದರ ಪಕ್ಕದ ರಾಡಿನ ಮೇಲೆ ಭಾರ ಬೀಳುತ್ತದೆ, ಶ್ರುತಿ ಒಂದು ಹಾಡಿನವರೆಗೂ ನಿಲ್ಲುವುದಿಲ್ಲ.

ನಟ್ಟುಗಳ ಒಳಗಿನ ಕೊಳೆ ತೆಗೆಯಲು 12-24 ಟ್ಯಾಪ್ (ತೂತಿನೊಳಗೆ ಹಲ್ಲು ಕೊರೆಯುವ ಉಪಕರಣ) ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯ ಟೂಲ್ ಅಂಗಡಿಗಳಲ್ಲಿ ಯುಎನ್‌ಸಿ ಎಂದು ಕೇಳಿ ನೋಡಿ. ಸಿಗದಿದ್ದರೆ ಉಳಿದ ಒಂದು ಒರಿಜಿನಲ್ ರಾಡನ್ನೇ ಟ್ಯಾಪ್ ಮಾಡಿಕೊಳ್ಳಬಹುದು. ರಾಡಿನ ತುದಿಯಿಂದ 15 ಮಿಲಿಮೀಟರ್ ಉದ್ದಕ್ಕೆ ಹ್ಯಾಕ್ಸಾ ಬ್ಲೇಡಿನಿಂದ ಒಂದು ಕಾಲುವೆ ಕೊರೆಯಿರಿ, ಅಂಚಿನ ಬರ್ ಉಜ್ಜಿ ತೆಗೆಯಿರಿ. ಒಂದು ಹನಿ ಎಣ್ಣೆ ಹಾಕಿ ನಟ್ಟಿನಲ್ಲಿ ಮುಂದೆ ಅರ್ಧ ಸುತ್ತು, ಹಿಂದೆ ಕಾಲು ಸುತ್ತು ಎಂದು ತಿರುಗಿಸಿದರೆ ಕೊಳೆಯೆಲ್ಲ ಕಾಲುವೆಗೆ ಬರುತ್ತದೆ. ಹೊಸ ಹಲ್ಲು ಕತ್ತರಿಸುವ ಶಕ್ತಿ ಇದಕ್ಕಿಲ್ಲ, ಅದು ಒಳ್ಳೆಯದೇ.

ಲಗ್ಗನ್ನು ಶೆಲ್‌ಗೆ ಹಿಡಿಯುವ ಸ್ಕ್ರೂ ಬೇರೆ: 8-32. ವ್ಯಾಸ 4.17, ಸುತ್ತಿನ ಅಂತರ 0.79 ಮಿಲಿಮೀಟರ್. ಅಂಗಡಿಯ ಎಂ4 ಸ್ಕ್ರೂ ವ್ಯಾಸ 4, ಅಂತರ 0.7. ಮೊದಲ ಎರಡು ಮೂರು ಸುತ್ತು ಹೋಗುತ್ತದೆ. ಅಷ್ಟರಲ್ಲಿ ಹಲ್ಲುಗಳ ನಡುವೆ ಕಾಲು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕೂಡಿ ಹಿಡಿದುಕೊಳ್ಳುತ್ತದೆ. ಲಗ್ ಎರಕ ಹೊಯ್ದ ಸತುವಿನ ಮಿಶ್ರಲೋಹದ್ದು. ಉಕ್ಕಿನ ಸ್ಕ್ರೂ ಮುಂದೆ ಅದು ಸೋಲಲೇಬೇಕು. ಹಲ್ಲು ಕಿತ್ತುಬರುತ್ತದೆ, ಇಲ್ಲವೇ ಲಗ್ಗಿನ ಕಾಲು ಸೀಳುತ್ತದೆ. ಈಗಾಗಲೇ ಹಾಗಾದ ಲಗ್ ಇದ್ದರೆ 8-32ರ ಹೆಲಿಕಾಯಿಲ್ (ಸವೆದ ತೂತಿಗೆ ಹೊಸ ಹಲ್ಲು ಕೊಡುವ ತಂತಿ ಸುರುಳಿ) ಹಾಕಿಸಿ. ಎಂ5ಗೆ ಟ್ಯಾಪ್ ಮಾಡಿಸುವ ಸಲಹೆ ಲೇತ್ ಅಂಗಡಿಯಲ್ಲಿ ಖಂಡಿತ ಬರುತ್ತದೆ. ಕೇಳಬೇಡಿ. ಎಂ5 ಸ್ಕ್ರೂ ತೂರಲು ಶೆಲ್ಲಿನ ತೂತು ಅಗಲ ಮಾಡಬೇಕಾಗುತ್ತದೆ.

ಇಲ್ಲದ ಎರಡು ಲಗ್

ಇದಕ್ಕೆ ಇಂಪೀರಿಯಲ್ ಲಗ್ ಎಂದು ಹೆಸರು. ಮೇಲಿನ ರಾಡಿಗೂ ಕೆಳಗಿನ ರಾಡಿಗೂ ಒಂದೇ ಉದ್ದ ತುಂಡು. ಲುಡ್‌ವಿಗ್ ಈಗಲೂ ಇದೇ ವಿನ್ಯಾಸದ ಲಗ್ ತಯಾರಿಸುತ್ತದೆ, ಬೇರೆಯವರು ಮಾಡಿದ ನಕಲುಗಳೂ ಇವೆ. ನಕಲು ಕೊಳ್ಳುವಾಗ ಸ್ಕ್ರೂ ತೂತುಗಳ ಅಂತರ ಅರ್ಧ ಮಿಲಿಮೀಟರಿನೊಳಗೆ ಹೊಂದಬೇಕು. ಅದಕ್ಕಿಂತ ಮುಖ್ಯವಾದ, ಯಾರೂ ಅಳೆಯದ ಇನ್ನೊಂದು ಅಳತೆ ಇದೆ: ಶೆಲ್ಲಿನ ಮೈಯಿಂದ ನಟ್ಟಿನ ನಡುವಿಗೆ ಇರುವ ದೂರ. ಉಳಿದ ಎಂಟು ಲಗ್ಗುಗಳಿಗಿಂತ ಅದು 2 ಮಿಲಿಮೀಟರ್ ಹೊರಗೆ ಬಂದರೂ ಆ ಎರಡು ರಾಡ್ ಓರೆಯಾಗಿ ಇಳಿಯುತ್ತವೆ. ಓರೆ ರಾಡ್ ಬಿಗಿ ಮಾಡುವಾಗ ಕಿರುಗುಟ್ಟುತ್ತದೆ, ನಟ್ಟಿನ ಒಂದು ಬದಿ ತಿನ್ನುತ್ತದೆ. ಸ್ವಲ್ಪ ಒಳಗಿದ್ದರೆ ಪರವಾಗಿಲ್ಲ. ಲಗ್ಗಿನಡಿ ಫೈಬರ್ ವಾಷರ್ ಇಟ್ಟು ಎತ್ತಬಹುದು.

ಶೆಲ್ಲಿನ ನಡುವೆ ಸುತ್ತಲೂ ಹೊರಕ್ಕೆ ಉಬ್ಬಿದ ಬೀಡ್ ಇದೆಯಲ್ಲ, ಒರಿಜಿನಲ್ ಲಗ್ಗಿನ ಬೆನ್ನಲ್ಲಿ ಅದಕ್ಕೆ ಜಾಗವಿರುತ್ತದೆ. ನಯವಾದ ಶೆಲ್ಲಿಗೆಂದು ಮಾಡಿದ ಲಗ್ ಆ ಉಬ್ಬಿನ ಮೇಲೆ ಕೂತು ಆಚೀಚೆ ತೂಗಾಡುತ್ತದೆ. ಸ್ಕ್ರೂ ಬಿಗಿದು ಸರಿಮಾಡಲು ಹೊರಟರೆ ಅಲ್ಯೂಮಿನಿಯಂ ಒಳಕ್ಕೆ ಕುಸಿಯುತ್ತದೆ.

ಹಳೇ ಲಗ್ಗಿನೊಳಗೆ ನಟ್ಟುಗಳನ್ನು ಒತ್ತಿಹಿಡಿಯುವ ಸ್ಪ್ರಿಂಗ್ ಇದೆ. ಹೆಡ್ ಸಡಿಲಾಗಿದ್ದಾಗ ಅದು ಗುಂಯ್‌ಗುಡುತ್ತದೆ. ತೆಳು ಫೆಲ್ಟ್ ಪಟ್ಟಿ ಅಥವಾ ಹತ್ತಿಯನ್ನು ಸ್ಪ್ರಿಂಗಿನ ಸುತ್ತ ತುರುಕಿದರೆ ಸಾಕು. ಫೋಮ್ ಬೇಡ, ಕರಾವಳಿಯ ಸೆಕೆಗೆ ಅದು ಕೆಲವೇ ವರ್ಷಕ್ಕೆ ಅಂಟಾಗಿ ಕರಗುತ್ತದೆ. ಹೊಸ ಎರಡು ಲಗ್ಗುಗಳ ಹೊಳಪು ಎಷ್ಟಿದ್ದರೂ ಬೇರೆಯಾಗಿಯೇ ಕಾಣುತ್ತದೆ. ಅವನ್ನು ಬ್ಯಾಡ್ಜಿನ ಎದುರು ಬದಿಯಲ್ಲಿ, ನುಡಿಸುವವರ ಹೊಟ್ಟೆಯ ಕಡೆಗೆ ಬರುವಂತೆ ಹಾಕಿ. ಲಗ್ಗುಗಳನ್ನು ಜಾಗ ಬದಲಿಸಲು ಏನೂ ಅಡ್ಡಿಯಿಲ್ಲ.

ಥ್ರೋ-ಆಫ್

60ರ ದಶಕದ ಈ ಡ್ರಮ್ಮಿಗೆ ಬರುತ್ತಿದ್ದದ್ದು ಪಿ-83. ಚೆಂದದ ವಸ್ತು, ಆದರೆ ಅದೂ ಎರಕದ ಲೋಹದ್ದೇ. ಹಳೇದನ್ನು ದುಬಾರಿ ಬೆಲೆಗೆ ತರಿಸಿದರೂ ಬಿಗಿ ಮಾಡುವ ಗುಂಡಿಯ ತ್ರೆಡ್ ಸವೆದಿರುವ ಸಂಭವ ಹೆಚ್ಚು. ನುಡಿಸುವುದೇ ಗುರಿಯಾದರೆ ಇಲ್ಲಿ ಒರಿಜಿನಲ್‌ನ ಹಟ ಬೇಡ. ಲುಡ್‌ವಿಗ್‌ನ ನಂತರದ ಪಿ-85 ಮತ್ತು ಅದಕ್ಕಿಂತ ಹೊಸ ಪಿ-86 ಮಿಲೇನಿಯಂ ಎರಡನ್ನೂ ಮೊದಲು ಪರಿಗಣಿಸಿ. ನಿಮ್ಮ ಶೆಲ್ಲಿನ ತೂತಿನ ಅಂತರವನ್ನು ಮಾರುವವರಿಗೆ ಬರೆದು ಕಳಿಸಿ, ಅವರ ಕೈಯಲ್ಲಿರುವ ತುಂಡನ್ನು ಅಳೆಸಿ. ಪಿ-85 ಅಗ್ಗ, ಕಾಲಕ್ರಮೇಣ ಲಿವರ್ ಅಲುಗಾಡತೊಡಗುತ್ತದೆ. ಪಿ-86 ಭಾರ, ಗಟ್ಟಿ, ಬಿಟ್ಟಾಗ ಸದ್ದು ಕಡಿಮೆ. ದುಡ್ಡಿದ್ದರೆ ಅದೇ ಮೇಲು.

ಇವೆರಡೂ ಸಿಗದೆ ಬೇರೆ ಕಂಪನಿಯದ್ದು ಮಾತ್ರ ಸಿಕ್ಕಿ, ತೂತು ಹೊಂದದಿದ್ದರೆ ಅಡಾಪ್ಟರ್ ಪ್ಲೇಟ್ ಮಾಡಿಸಿ. 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಪಟ್ಟಿ, ಥ್ರೋ-ಆಫ್‌ನ ತಳಕ್ಕಿಂತ ತುಸು ಅಗಲ, ಶೆಲ್ಲಿನ ಎತ್ತರಕ್ಕಿಂತ ಚಿಕ್ಕದು. ಶೆಲ್ಲಿನ ಹಳೇ ಎರಡು ತೂತಿಗೆ ಸರಿಯಾಗಿ ಪ್ಲೇಟಿನಲ್ಲಿ ಕೌಂಟರ್‌ಸಿಂಕ್ ತೂತು ಮಾಡಿ, ತಲೆ ಮಟ್ಟಕ್ಕೆ ಮುಳುಗುವ ಸ್ಕ್ರೂ ಹೊರಗಿನಿಂದ ಹಾಕಿ, ಶೆಲ್ಲಿನ ಒಳಗೆ ವಾಷರ್, ನೈಲಾಕ್ ನಟ್ (ತಾನಾಗಿ ಸಡಿಲಾಗದ ನಟ್) ಕೊಡಿ. ಹೊಸ ಥ್ರೋ-ಆಫ್‌ನ ತೂತುಗಳನ್ನು ಪ್ಲೇಟಿಗೇ ಎಂ4 ಟ್ಯಾಪ್ ಮಾಡಿ. 3 ಮಿಲಿಮೀಟರಿನಲ್ಲಿ ನಾಲ್ಕು ಸುತ್ತು ಹಲ್ಲು ಸಿಗುತ್ತದೆ, ಈ ಭಾರಕ್ಕೆ ಅದು ಸಾಲುತ್ತದೆ. ಸ್ಕ್ರೂ ಉದ್ದ ಲೆಕ್ಕ ಹಾಕಿ ಕತ್ತರಿಸಿ. ತುದಿ ಪ್ಲೇಟ್ ದಾಟಿದರೆ ಶೆಲ್ಲನ್ನು ಗೀರುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಯಾವ ಸಣ್ಣ ವರ್ಕ್‌ಶಾಪ್ ಆದರೂ ಇದನ್ನು ಮಾಡಿಕೊಡುತ್ತದೆ, ಮಂಗಳೂರಿನಲ್ಲಾದರೆ ಬೈಕಂಪಾಡಿಯಲ್ಲಿ ವಿಚಾರಿಸಿ. ನೀವು ಕೊಡಬೇಕಾದದ್ದು ರಟ್ಟಿನಲ್ಲಿ ಕತ್ತರಿಸಿದ ಮಾದರಿ ಮತ್ತು ಬಾಗು: 14 ಇಂಚಿನ ಶೆಲ್ಲಿಗೆ ತ್ರಿಜ್ಯ ಸುಮಾರು 178 ಮಿಲಿಮೀಟರ್. ಬೀಡ್ ಹಾದುಹೋಗುವಲ್ಲಿ ಪ್ಲೇಟಿನ ಬೆನ್ನಿಗೆ ಕಾಲುವೆ ತೆಗೆಸಬೇಕು. ಅದು ಕಷ್ಟವಾದರೆ ಬೀಡಿನ ಮೇಲೂ ಕೆಳಗೂ ನೈಲಾನ್ ವಾಷರ್ ಇಟ್ಟು ಎತ್ತಿ.

ಪ್ಲೇಟ್ ಹಾಕಿದ್ದರಿಂದ ಥ್ರೋ-ಆಫ್ ಮೂರು ನಾಲ್ಕು ಮಿಲಿಮೀಟರ್ ಹೊರಗೆ ಬರುತ್ತದೆ. ಹೂಪಿಗೆ ತಗಲದಿರಲು ಇದು ಅನುಕೂಲವೇ. ಆದರೆ ವೈರನ್ನು ಥ್ರೋ-ಆಫ್‌ಗೆ ಕಟ್ಟುವ ಪಟ್ಟಿ ಅಂಚಿನ ಮೇಲಿಂದ ಬಾಗುವ ಕೋನ ಬದಲಾಗುತ್ತದೆ. ಲಿವರ್ ಹಾಕಿದಾಗ ಪಟ್ಟಿ ಹಿಡಿಯುವ ಬಾಯಿ ಶೆಲ್ಲಿನ ಕೆಳ ಅಂಚಿಗಿಂತ 5 ಮಿಲಿಮೀಟರ್‌ನಷ್ಟಾದರೂ ಒಳಗಡೆ, ಅಂದರೆ ಡ್ರಮ್ಮಿನ ನಡುವಿನ ಕಡೆಗೆ ಇರಬೇಕು. ಅಂಚಿನ ಮಟ್ಟಕ್ಕೇ ಬಂದುಬಿಟ್ಟರೆ ಎಷ್ಟು ಬಿಗಿದರೂ ವೈರ್ ಹೆಡ್‌ಗೆ ಒತ್ತುವುದಿಲ್ಲ.

ಎದುರಿನ ಬಟ್ ಪ್ಲೇಟ್ (ವೈರಿನ ಇನ್ನೊಂದು ತುದಿಯ ಪಟ್ಟಿ ಹಿಡಿಯುವ ತುಂಡು) ಉಳಿದಿದೆಯೋ ಇಲ್ಲವೋ ನೀವು ಬರೆದಿಲ್ಲ. ಉಳಿದಿದ್ದರೆ ಅದನ್ನೇ ಬಳಸಿ. ಹೊಸ ಥ್ರೋ-ಆಫ್ ಜೊತೆಗೆ ಬರುವುದು ತೂತಿಗೆ ಕೂರದಿದ್ದರೆ ಚಿಂತೆ ಮಾಡಬೇಡಿ. ಪಟ್ಟಿ ಹಿಡಿಯುವ ಎರಡು ಸ್ಕ್ರೂ ಗಟ್ಟಿ ಇದ್ದರೆ ಯಾವ ಬಟ್ ಪ್ಲೇಟೂ ಸಾಕು.

ಹೂಪ್

8 ತೂತಿನ ಹೂಪ್ ಪಕ್ಕಕ್ಕಿಡಿ. ಹತ್ತು ಲಗ್‌ನ ಡ್ರಮ್ಮಿನಲ್ಲಿ ಲಗ್ಗಿಂದ ಲಗ್ಗಿಗೆ 36 ಡಿಗ್ರಿ, ಎಂಟರಲ್ಲಿ 45. ಎದುರುಬದುರು ಎರಡು ತೂತು ಬಿಟ್ಟು ಇನ್ನೊಂದೂ ಹೊಂದುವುದಿಲ್ಲ. ಅದಕ್ಕೆ ತೂತು ಹೊಡೆಸುವ ಯೋಚನೆಯೂ ಬೇಡ, ಕಿವಿಗಳೇ ಬೇರೆ ಜಾಗದಲ್ಲಿವೆ. ಕೊಳ್ಳಬೇಕಾದದ್ದು 14 ಇಂಚಿನ, 10 ತೂತಿನ, ಟ್ರಿಪಲ್ ಫ್ಲಾಂಜ್ (ತಗಡನ್ನು ಮೂರು ಸಲ ಮಡಚಿದ), ಸ್ನೇರ್ ಬದಿಯ ಹೂಪ್. "ಸ್ನೇರ್ ಬದಿ" ಎಂದು ಒತ್ತಿ ಹೇಳಿ. ವೈರ್ ಹಾಯಲು ಎದುರುಬದುರು ಎರಡು ಕಿಂಡಿ ಇರುವುದು ಅದಕ್ಕೆ ಮಾತ್ರ. ಮೀರತ್, ಜಲಂಧರ್ ಕಡೆಯ ಬ್ಯಾಂಡ್ ಸಾಮಾನಿನ ತಯಾರಕರ ಹೂಪ್ ಅಗ್ಗಕ್ಕೆ ಸಿಗಬಹುದು. ತರಿಸುವುದಾದರೆ ಒಳವ್ಯಾಸ, ತೂತುಗಳ ಸಂಖ್ಯೆ, ಕಿಂಡಿ ಮೂರನ್ನೂ ಫೋಟೊದಲ್ಲಿ ಟೇಪ್ ಸಮೇತ ಕೇಳಿ.

ದಪ್ಪ ಎಷ್ಟು? 1.6 ಮಿಲಿಮೀಟರಿನದು ಹಳೇ ಧ್ವನಿಗೆ ಹತ್ತಿರ, ಸ್ವಲ್ಪ ತೆರೆದ ನಾದ ಕೊಡುತ್ತದೆ. 2.3 ಮಿಲಿಮೀಟರಿನದು ಗಟ್ಟಿ, ಶ್ರುತಿ ಸಮವಾಗಿ ನಿಲ್ಲುತ್ತದೆ. ಮೇಲಿನ ಹೂಪ್ ಒರಿಜಿನಲ್ ಉಳಿದಿದ್ದರೆ ಕೆಳಗೆ 2.3 ಹಾಕುವುದರಿಂದ ನಷ್ಟವೇನಿಲ್ಲ, ರಿಮ್‌ಶಾಟ್ (ಹೂಪಿಗೂ ಹೆಡ್‌ಗೂ ಒಟ್ಟಿಗೆ ಬಾರಿಸುವ ಹೊಡೆತ) ಬೀಳುವುದು ಮೇಲೆ ತಾನೆ. ಡೈಕಾಸ್ಟ್, ಅಂದರೆ ಎರಕ ಹೊಯ್ದ ಹೂಪ್ ಮಾತ್ರ ಬೇಡ. ಅದಕ್ಕೆ ಉದ್ದ ರಾಡ್ ಬೇಕಾಗಬಹುದು, ಮೇಲಾಗಿ ಈ ಡ್ರಮ್ಮಿನ ಮುಖ್ಯ ಗುಣವಾದ ಮಿಂಚಿನಂಥ ಗುಂಗನ್ನೇ ಅದು ಕಡಿಮೆ ಮಾಡುತ್ತದೆ.

ಮೇಲಿನ ಹೂಪನ್ನು ಗ್ರಾನೈಟ್ ಮೇಲಿಟ್ಟು ನೋಡಿ. 1 ಮಿಲಿಮೀಟರಿನವರೆಗೆ ಎದ್ದಿದ್ದರೆ ಹೆಡ್‌ನ ಬಿಗಿತ ಅದನ್ನು ಮಣಿಸುತ್ತದೆ. ಆಯಸ್ಕಾಂತ ಅಂಟಿದರೆ ಉಕ್ಕು, ಅಂಟದಿದ್ದರೆ ಹಿತ್ತಾಳೆ; ಹಿತ್ತಾಳೆಯದ್ದಾದರೆ ಜೋಪಾನ, ಅದು ಮೊದಲ ವರ್ಷಗಳದ್ದು. ಉಕ್ಕಿನ ಹೂಪಿನ ಕೆಂಪು ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ಲನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿ. ಫಾಯಿಲ್ ಕ್ರೋಮಿಗಿಂತ ಮೆತ್ತಗಿನದು, ಗೀರು ಬೀಳುವುದಿಲ್ಲ. ಬರುವ ಕಪ್ಪು ಕೆಸರನ್ನು ಒರೆಸಿ, ಪೂರ್ತಿ ಒಣಗಿಸಿ, ಕಾರ್ ವ್ಯಾಕ್ಸ್ ಹಚ್ಚಿ. ಸಣ್ಣ ಉಕ್ಕಿನ ತುಂಡುಗಳನ್ನು ವಿನಿಗರ್‌ನಲ್ಲಿ ರಾತ್ರಿ ನೆನೆಸಿಡಬಹುದು. ಲಗ್ಗು, ಥ್ರೋ-ಆಫ್‌ಗಳನ್ನು ಎಂದಿಗೂ ಅದರಲ್ಲಿ ಹಾಕಬೇಡಿ; ಆಮ್ಲ ಸತುವನ್ನು ತಿಂದು ಕ್ರೋಮ್ ಸಿಪ್ಪೆ ಮಾತ್ರ ಉಳಿಸುತ್ತದೆ.

ಶೆಲ್ಲಿನ ಗುಳ್ಳೆ

ಕ್ರೋಮ್ ಪದರದ ಸೂಕ್ಷ್ಮ ಬಿರುಕಿನಲ್ಲಿ ಉಪ್ಪುಗಾಳಿಯ ತೇವ ಇಳಿದು ಅಡಿಯ ಅಲ್ಯೂಮಿನಿಯಂ ಕೊರೆಯುತ್ತದೆ. ಹುಟ್ಟುವ ಬಿಳಿ ಆಕ್ಸೈಡ್‌ಗೆ ಲೋಹಕ್ಕಿಂತ ಜಾಗ ಹೆಚ್ಚು ಬೇಕು, ಅದು ಕ್ರೋಮನ್ನು ಮೇಲಕ್ಕೆ ತಳ್ಳುತ್ತದೆ. ಈ ಕಾಯಿಲೆ ಆ ಕಾಲದ ಸುಪ್ರಾಫೋನಿಕ್‌ಗಳಲ್ಲೆಲ್ಲ ಸಾಮಾನ್ಯ. ಪಾಲಿಶ್‌ನಿಂದ ಹೋಗುವುದಿಲ್ಲ, ಏಕೆಂದರೆ ಕೊಳೆ ಮೇಲಿಲ್ಲ, ಕೆಳಗಿದೆ.

ಹಳೇ ಕ್ರೋಮ್ ತೆಗೆದು ಹೊಸದು ಹಾಕಿಸುವ ವಿಷಯ. ಬೈಕ್ ಸೈಲೆನ್ಸರ್, ಬಂಪರುಗಳಿಗೆ ಕ್ರೋಮ್ ಹಾಕುವ ಅಂಗಡಿಗಳು ಕೆಲಸ ಮಾಡುವುದು ಉಕ್ಕಿನ ಮೇಲೆ. ಅಲ್ಯೂಮಿನಿಯಂ ಗಾಳಿ ತಾಗಿದ ಕ್ಷಣವೇ ಆಕ್ಸೈಡ್ ಪದರ ಹೊದೆಯುತ್ತದೆ. ಮೊದಲು ಜಿಂಕೇಟ್ ದ್ರಾವಣದಲ್ಲಿ ಸತುವಿನ ತೆಳು ಪದರ ಕೊಡದೆ ಅದರ ಮೇಲೆ ಯಾವ ಪ್ಲೇಟಿಂಗೂ ನಿಲ್ಲುವುದಿಲ್ಲ. ಉಕ್ಕಿನ ವಿಧಾನದಲ್ಲೇ ಮಾಡಿದರೆ ಆರು ತಿಂಗಳಲ್ಲಿ ಹಾಳೆ ಹಾಳೆಯಾಗಿ ಎದ್ದುಬರುತ್ತದೆ. ಜೊತೆಗೆ ಪ್ಲೇಟಿಂಗ್ ಮುಂಚಿನ ಬಫಿಂಗ್‌ನಲ್ಲಿ ಅಂಚು ಸವೆಯುತ್ತದೆ, ಸ್ನೇರ್ ಬೆಡ್ ಅಳಿಯುತ್ತದೆ, ಬ್ಯಾಡ್ಜನ್ನು ಕಿತ್ತೇ ಹಾಕುತ್ತಾರೆ. ಗುಳ್ಳೆಗಳಿಂದ ಧ್ವನಿಗೆ ಕಿವಿಗೆ ತಿಳಿಯುವ ಯಾವ ತೊಂದರೆಯೂ ಇಲ್ಲ. ಈ ಎಲ್ಲ ಅಪಾಯ ಬರೀ ನೋಟಕ್ಕಾಗಿ.

ಮಾಡಬೇಕಾದದ್ದು ಇಷ್ಟೇ. ಪಾತ್ರೆ ತೊಳೆಯುವ ಸೌಮ್ಯ ದ್ರವ ಹಾಕಿದ ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ, ಜಿಡ್ಡಿದ್ದರೆ ಸೀಮೆಎಣ್ಣೆ. ಬಿದಿರಿನ ಹಲ್ಲುಕಡ್ಡಿಯಿಂದ ಬಾಯಿಬಿಟ್ಟ ಗುಳ್ಳೆಗಳ ಪುಡಿ ಕೆರೆದು ತೆಗೆಯಿರಿ. ಹೇರ್ ಡ್ರೈಯರಿನಿಂದ ಒಣಗಿಸಿ, ಎರಡು ಸಲ ವ್ಯಾಕ್ಸ್ ಹಚ್ಚಿ. ಸ್ಟೀಲ್ ವೂಲ್ ಶೆಲ್ಲಿಗೆ ತಾಗಿಸಬೇಡಿ. ಅದರ ಪುಡಿ ಗುಳ್ಳೆಯಲ್ಲಿ ಉಳಿದರೆ ಉಕ್ಕು-ಅಲ್ಯೂಮಿನಿಯಂ ಸೇರಿ ಕೊರೆತ ಇನ್ನೂ ಜೋರಾಗುತ್ತದೆ. ಹುಣಸೆಹಣ್ಣು, ನಿಂಬೆ, ಅಡುಗೆ ಸೋಡಾ ಯಾವುದೂ ಬೇಡ. ಅಲ್ಯೂಮಿನಿಯಂ ಆಮ್ಲಕ್ಕೂ ಕ್ಷಾರಕ್ಕೂ ಕರಗುತ್ತದೆ. ಮಳೆಗಾಲದಲ್ಲಿ ಕೇಸಿನೊಳಗೆ ಸಿಲಿಕಾ ಜೆಲ್ ಇಡಿ, ತಿಂಗಳಿಗೊಮ್ಮೆ ಬದಲಿಸಿ.

ಜೋಡಣೆ, ಹೆಡ್, ವೈರ್

ಮೊದಲು ಲಗ್ಗುಗಳು. ಒಳಗಿನ ಸ್ಕ್ರೂ ತಲೆಯಡಿ ವಾಷರ್ ಇರಲೇಬೇಕು. ಸ್ಕ್ರೂಡ್ರೈವರಿನ ಹಿಡಿಯನ್ನು ಮೂರು ಬೆರಳಲ್ಲಿ ಹಿಡಿದು ಎಷ್ಟು ಬಿಗಿಯಾಗುತ್ತದೋ ಅಷ್ಟು ಸಾಕು. ಮೇಲೆ 10 ಮಿಲ್ (ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪದ, ಬಿಳಿ ಲೇಪದ ಒಂದೇ ಪದರದ ಹೆಡ್. ರೆಮೋ ಅಂಬಾಸಿಡರ್ ಕೋಟೆಡ್ ಈ ಜಾತಿಯದು. ಕೆಳಗೆ ಸ್ನೇರ್ ಬದಿಯ 3 ಮಿಲ್ ಹೆಡ್, ಅಂದರೆ 0.076 ಮಿಲಿಮೀಟರ್. ಕೆಳಗೆ ಮೇಲಿನ ಹೆಡ್ ಹಾಕಿದರೆ ಡ್ರಮ್ ಟಾಮ್‌ನಂತೆ ಗುಡುಗುತ್ತದೆ, ವೈರ್ ಎದ್ದೇಳುವುದಿಲ್ಲ. ಇದು ನಾವು ಊಹಿಸುವುದಕ್ಕಿಂತ ಹೆಚ್ಚು ಡ್ರಮ್ಮುಗಳಲ್ಲಿ ಆಗಿರುವ ಎಡವಟ್ಟು.

ಹೊಸ ಕೆಳ ಹೂಪಿನ ಕಿಂಡಿಯ ಅಂಚಿಗೆ ಬೆರಳಾಡಿಸಿ ನೋಡಿ, ಚೂಪಾಗಿದ್ದರೆ ಸಣ್ಣ ಅರದಿಂದ ಉಜ್ಜಿ. ಪಟ್ಟಿ ಹರಿಯುವುದು ಅಲ್ಲೇ. ಕಿಂಡಿ ಥ್ರೋ-ಆಫ್‌ಗೆ ನೇರ ಬರುವಂತೆ ಹೂಪ್ ಇಟ್ಟು, ಎಲ್ಲ ರಾಡನ್ನು ಬೆರಳಲ್ಲೇ ಕೂರಿಸಿ. ಆಮೇಲೆ ಕೀಯಿಂದ ಅರ್ಧರ್ಧ ಸುತ್ತು. 1, 6, 3, 8, 5, 10, 7, 2, 9, 4 ಈ ಕ್ರಮದಲ್ಲಿ ಹೋದರೆ ಪ್ರತಿ ಸಲ ಎದುರಿನದು ಬಿಗಿಯುತ್ತದೆ, ಹೂಪ್ ಒಂದು ಕಡೆ ವಾಲುವುದಿಲ್ಲ. ಕೆಳ ಹೆಡ್ ಬಹಳ ತೆಳು, ಆದರೂ ಬಿಗಿ ಬೇಕು. ಎಷ್ಟೋ ಜನ ಹರಿದೀತೆಂಬ ಹೆದರಿಕೆಯಲ್ಲಿ ಸಡಿಲ ಬಿಡುತ್ತಾರೆ, ಆಮೇಲೆ ವೈರನ್ನು ದೂರುತ್ತಾರೆ.

ವೈರ್ 14 ಇಂಚಿನ 20 ಎಳೆಯದು. 42 ಎಳೆಯ ಅಗಲದ್ದು ಈ ಸ್ನೇರ್ ಬೆಡ್‌ಗೆ ಅಂಚುಗಳಲ್ಲಿ ಸರಿಯಾಗಿ ಕೂರುವುದಿಲ್ಲ, ಹೊರಗಿನ ಎಳೆಗಳು ಸದಾ ಗುಂಯ್ ಎನ್ನುತ್ತವೆ. ಎರಡೂ ತುದಿಯ ತಗಡು ಶೆಲ್ಲಿನ ಅಂಚಿನಿಂದ ಸಮಾನ ದೂರದಲ್ಲಿರಬೇಕು, ಅಳೆದೇ ನೋಡಿ. ಥ್ರೋ-ಆಫ್‌ನ ಗುಂಡಿಯನ್ನು ಪೂರ್ತಿ ಬಿಚ್ಚಿ ಎರಡು ಸುತ್ತು ಬಿಗಿ ಮಾಡಿದ ಸ್ಥಿತಿಯಲ್ಲಿಟ್ಟು, ಲಿವರ್ ಹಾಕಿ, ಪಟ್ಟಿಯನ್ನು ಕೈಯಲ್ಲಿ ಎಳೆದು ಬಟ್ ಪ್ಲೇಟ್ ಸ್ಕ್ರೂ ಬಿಗಿಯಿರಿ. ಆಗ ಬಿಗಿ ಮಾಡಲೂ ಸಡಿಲ ಬಿಡಲೂ ಜಾಗ ಉಳಿಯುತ್ತದೆ. ಬೇರೆ ಕಂಪನಿಯ ಥ್ರೋ-ಆಫ್‌ನ ಬಾಯಿ ಕಿರಿದಾಗಿ ಪ್ಲಾಸ್ಟಿಕ್ ಪಟ್ಟಿ ಮಡಚುತ್ತಿದ್ದರೆ ನೈಲಾನ್ ದಾರ ಬಳಸಿ. ದಾರ ಮೊದಲ ದಿನಗಳಲ್ಲಿ ಹಿಗ್ಗುತ್ತದೆ, ಎರಡು ಮೂರು ಸಲ ಮತ್ತೆ ಎಳೆದು ಕಟ್ಟಬೇಕು.

ಒಂದು ಬದಿಯಲ್ಲಿ ಮಾತ್ರ ವೈರ್ ಸದ್ದು ಬಂದರೆ ಪಟ್ಟಿ ಓರೆಯಾಗಿದೆ. ಮೆಲ್ಲಗೆ ನುಡಿಸಿದಾಗ ವೈರ್ ಮಾತಾಡದೆ ಜೋರಾಗಿ ಬಾರಿಸಿದಾಗಷ್ಟೇ ಬಂದರೆ ವೈರನ್ನು ಅತಿಯಾಗಿ ಬಿಗಿದಿದ್ದೀರಿ; ಗುಂಡಿಯನ್ನು ಪೂರ್ತಿ ಸಡಿಲಿಸಿ, ಬೆರಳತುದಿಯ ತಟ್ಟಿಗೆ ಸದ್ದು ಶುರುವಾಗುವವರೆಗೆ ಮಾತ್ರ ತಿರುಗಿಸಿ. ಲಿವರ್ ಬಿಟ್ಟಾಗಲೂ ಗುಂಯ್‌ಗುಟ್ಟುತ್ತಿದ್ದರೆ ಹೊಸ ಥ್ರೋ-ಆಫ್‌ನ ಇಳಿತ ಸಾಲದು, ಪ್ಲೇಟಿನ ಮೇಲೆ ಅದನ್ನು 2 ಮಿಲಿಮೀಟರ್ ಹೆಡ್‌ನ ಕಡೆಗೆ ಸರಿಸಿ. ಪ್ಲೇಟಿನ ತೂತನ್ನು ಮೊದಲೇ ಉದ್ದ ಸ್ಲಾಟ್ ಆಗಿ ಮಾಡಿಸಿ ಹಿಂದಿನಿಂದ ನಟ್ ಕೊಟ್ಟಿದ್ದರೆ ಇದು ಐದು ನಿಮಿಷದ ಕೆಲಸ. ಹೀಗೆ ಮಾಡಿಸುವುದಾದರೆ ನಟ್ಟಿಗೆ ಜಾಗ ಬೇಕು, ಪ್ಲೇಟನ್ನು ಶೆಲ್ಲಿನಿಂದ 4 ಮಿಲಿಮೀಟರ್ ಎತ್ತುವ ವಾಷರ್‌ಗಳನ್ನು ಆಗಲೇ ಲೆಕ್ಕಕ್ಕೆ ಹಿಡಿಯಿರಿ.

ತೆಗೆದ ಹಳೇ ಭಾಗಗಳನ್ನು, ಮುರಿದದ್ದನ್ನೂ ಸೇರಿಸಿ, ಒಂದು ಡಬ್ಬಿಯಲ್ಲಿ ಇಡಿ. ಯಾವ ಲಗ್, ಯಾವ ಹೂಪ್, ಯಾವ ಥ್ರೋ-ಆಫ್ ಹೊಸದು ಎಂದು ಒಂದು ಚೀಟಿಯಲ್ಲಿ ದಿನಾಂಕ ಸಮೇತ ಬರೆದು ಅದರೊಳಗೆ ಹಾಕಿ. ಚರ್ಚಿನ ಆಸ್ತಿಯಾದ್ದರಿಂದ ಮುಂದೆ ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಇಂಟರ್ನೆಟ್ಟಿನಲ್ಲಿ ಸಿಗುವ ನಕಲಿ ಕೀಸ್ಟೋನ್ ಬ್ಯಾಡ್ಜ್, ಹಳೇದರಂತೆ ಕಾಣಿಸಲು ಮಸಿ ಬಳಿದ ಲಗ್ಗುಗಳ ತಂಟೆಗೆ ಹೋಗಬೇಡಿ. ಮೊದಲ ವಾರ ನುಡಿಸಿದ ಮೇಲೆ ಲಗ್ಗಿನ ಒಳ ಸ್ಕ್ರೂಗಳನ್ನು ಇನ್ನೊಮ್ಮೆ ಮುಟ್ಟಿ ನೋಡಬೇಕು. ಮೇಲಿನ ಹೆಡ್ ಬಿಚ್ಚಲೇಬೇಕಾಗುತ್ತದೆ, ಫೈಬರ್ ವಾಷರ್ ಹಾಕಿದ ಕಡೆ ಅವು ಖಂಡಿತ ಕಾಲು ಸುತ್ತು ಸಡಿಲಾಗಿರುತ್ತವೆ.